ಬಾಣಂತನಕ್ಕೆ ಹೊರಟವಳು ಪ್ರವಾಸಿಯಲ್ಲ

"ಏನೇ ಕೇಳಿದರೂ ಬಾಣಂತನ ಅಂತ ಮಾತ್ರ ಹೇಳಬೇಡಿ, ಊರು ನೋಡೋಕೆ ಹೋಗ್ತಿದೀನಿ ಅನ್ನಿ." ಅಮೆರಿಕದ ವೀಸಾಕ್ಕೆ ಹೊರಟ ನಮ್ಮ ಕಡೆಯ ತಾಯಂದಿರಿಗೆ ಈ ಬುದ್ಧಿಮಾತು ಹೇಳದವರೇ ಇಲ್ಲ. ಟ್ರಾವೆಲ್ ಏಜೆಂಟ್ ಹೇಳುತ್ತಾರೆ, ಒಮ್ಮೆ ಹೋಗಿಬಂದ ಬೀಗಿತ್ತಿ ಹೇಳುತ್ತಾರೆ, ಕೊನೆಗೆ ಬಸುರಿ ಮಗಳೇ ಫೋನಿನಲ್ಲಿ ಎರಡೆರಡು ಸಲ ಹೇಳಿ ಗಟ್ಟಿಮಾಡಿಸುತ್ತಾಳೆ. ನಮ್ಮ ನೆಂಟರಿಷ್ಟರಲ್ಲಿ ವೀಸಾ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂದು ಬಹಳ ವರ್ಷವಾಯಿತು. ಚಿಕ್ಕಮ್ಮಂದಿರು, ಸೋದರತ್ತೆಯರು, ಬೀಗರು, ನಮ್ಮ ಬೀದಿಯ ಕೊನೇ ಮನೆಯವರು, ಎಲ್ಲರ ಪಾಸ್‌ಪೋರ್ಟೂ ನನ್ನ ಮೇಜಿನ ಮೇಲೆ ಒಂದಲ್ಲ ಒಂದು ದಿನ ಕೂತು ಹೋಗಿದೆ. ಈ ಮಾತು ಕೇಳಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅರವತ್ತು ದಾಟಿದ ಹೆಂಗಸು ತಾನು ಮಾಡಲು ಹೊರಟ ದೊಡ್ಡ ಕೆಲಸವನ್ನು, ತನ್ನ ತಾಯಿಯಿಂದ ಕಲಿತು ಮಗಳಿಗೆ ಮಾಡಬೇಕಾದದ್ದನ್ನು, ಕಳ್ಳಮಾಲಿನ ಹಾಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ವೀಸಾ ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕೇ?

ಕಾನೂನನ್ನು ಓದಿದರೆ ಹಾಗೇನೂ ಇಲ್ಲ. ಬಿ-2 ವೀಸಾ ಇರುವುದೇ ಪ್ರವಾಸಕ್ಕೆ, ಚಿಕಿತ್ಸೆಗೆ, ನೆಂಟರಿಷ್ಟರನ್ನು ನೋಡುವುದಕ್ಕೆ. ಮಗಳ ಹೆರಿಗೆಯ ಹೊತ್ತಿಗೆ ತಾಯಿ ಹತ್ತಿರ ಇರುವುದು ನೆಂಟರನ್ನು ನೋಡುವುದರೊಳಗೇ ಬರುತ್ತದೆ. ಸಂಬಳಕ್ಕೆ ದುಡಿಯುವಂತಿಲ್ಲ, ಅಷ್ಟೇ. ಬ್ರಿಟನ್ನಿನವರಂತೂ ತಮ್ಮ ಸಂದರ್ಶಕ ವೀಸಾದ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿಯೇ ಬರೆದಿದ್ದಾರೆ: ಅಜ್ಜ ಅಜ್ಜಿಯಂಥವರು ಸ್ವಲ್ಪ ಕಾಲಕ್ಕೆ ಬಂದು ಮಗುವನ್ನು ನೋಡಿಕೊಳ್ಳಬಹುದು, ಅದು ಆಯಾ ಕೆಲಸದ ನೌಕರಿ ಆಗಬಾರದು. ಹಾಗಿದ್ದೂ ನಮ್ಮವರು ಹೆದರುವುದಕ್ಕೆ ಕಾರಣ ಬೇರೆ. ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ವೀಸಾ ಕೇಳಿ ಬಂದವರು ಅಲ್ಲೇ ನೆಲೆಸಲು ಹೊರಟವರು ಎಂದೇ ಅಧಿಕಾರಿ ಮೊದಲು ಎಣಿಸಬೇಕು. ಅಲ್ಲ, ನಾನು ಹಿಂತಿರುಗುವವಳು ಎಂದು ಮನದಟ್ಟು ಮಾಡಿಸುವ ಭಾರ ಪೂರ್ತಿ ಅರ್ಜಿದಾರರ ಮೇಲೆ. ಅದಕ್ಕೇ ಆಸ್ತಿಪತ್ರ, ಪಹಣಿ, ಎಫ್‌ಡಿ ರಸೀದಿ, ಪಿಂಚಣಿ ಪುಸ್ತಕ ಎಲ್ಲವನ್ನೂ ಫೈಲಿನಲ್ಲಿ ಹೊತ್ತುಕೊಂಡು ಹೋಗುವುದು. ಎಷ್ಟೋ ಸಲ ಕಿಟಕಿಯ ಆಚೆ ಇರುವವರು ಆ ಫೈಲನ್ನು ಬಿಚ್ಚಿಸುವುದೂ ಇಲ್ಲ. ಎರಡು ಮೂರು ನಿಮಿಷದ ಮಾತಿನಲ್ಲೇ ತೀರ್ಮಾನ.

ಜಗಲಿಯಲ್ಲಿ ಕೂತು ತುಂಬಿದ ಫಾರಂ

ದೊಡ್ಡಮ್ಮನ ಮನೆ ಸಾಗರದ ಹತ್ತಿರ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು. ಒಬ್ಬಳೇ ಮಗಳು ನ್ಯೂಜೆರ್ಸಿಯಲ್ಲಿ. ಅವಳಿಗೆ ಮೊದಲ ಹೆರಿಗೆ. ಮಳೆಗಾಲ ಶುರುವಾಗುವ ಮೊದಲು ಹೋಗಿ ಕೂತು ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಫಾರಂ ತುಂಬಿದೆವು. ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡೆ. ದೊಡ್ಡಪ್ಪ ಕಂಬಕ್ಕೆ ಒರಗಿ ಕವಳ ಹಾಕುತ್ತಾ ಕೇಳುತ್ತಿದ್ದರು.

ಮೊದಲ ತೊಡಕು ಹೆಸರಿನದೇ. ದೊಡ್ಡಮ್ಮನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಕಾಲಂ ಖಾಲಿ. ಹೀಗಿದ್ದಾಗ ಆ ಒಂದು ಹೆಸರನ್ನು ಮನೆತನದ ಹೆಸರಿನ ಜಾಗದಲ್ಲಿ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರು ಅಕ್ಷರ ಬರೆಯಬೇಕು, ಸ್ವಂತ ಹೆಸರು ತಿಳಿಯದು ಎಂದರ್ಥ. ನಮ್ಮ ಹಳ್ಳಿಗಳಿಂದ ಹೋದ ಎಷ್ಟೋ ಹೆಂಗಸರು ಅಮೆರಿಕದ ಕಾಗದಪತ್ರಗಳಲ್ಲಿ ಆ ಮೂರು ಅಕ್ಷರ ಹೊತ್ತುಕೊಂಡೇ ಓಡಾಡುತ್ತಾರೆ. (ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ದಯವಿಟ್ಟು ಎರಡು ಕಾಲಮ್ಮೂ ತುಂಬಿಸಿ. ಅಪ್ಪನ ಹೆಸರೋ ಗಂಡನ ಹೆಸರೋ ಊರಿನ ಹೆಸರೋ, ನಿಮ್ಮ ದಾಖಲೆಗಳಲ್ಲಿ ಇರುವುದನ್ನೇ ಹಾಕಿ. ಮುಂದೆ ವಿಮಾನದ ಟಿಕೆಟ್ಟಿನಿಂದ ಹಿಡಿದು ವಿಮೆಯವರೆಗೂ ತಲೆನೋವು ತಪ್ಪುತ್ತದೆ.)

ಆಮೇಲೆ ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆಗಳು. ಸಾಂಕ್ರಾಮಿಕ ರೋಗ ಇದೆಯೇ, ಭಯೋತ್ಪಾದನೆಯಲ್ಲಿ ಭಾಗವಹಿಸಿದ್ದೀರಾ, ನರಮೇಧದಲ್ಲಿ ಕೈಯಿತ್ತೇ, ಮಕ್ಕಳನ್ನು ಸೈನಿಕರನ್ನಾಗಿ ಬಳಸಿದ್ದೀರಾ. ನಾನು ಎಲ್ಲಕ್ಕೂ 'ಇಲ್ಲ' ಒತ್ತುತ್ತಾ ಹೋಗಬಹುದಿತ್ತು. ದೊಡ್ಡಮ್ಮ ಬಿಡಲಿಲ್ಲ. "ಓದಿ ಹೇಳು ಮಾರಾಯ್ತಿ, ಕೆಳಗೆ ನನ್ನ ಹೆಸರು ಇರ್ತದಲ್ಲ" ಎಂದರು. ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಪ್ರತಿಯೊಂದಕ್ಕೂ ಅವರು ಒಂದು ಕ್ಷಣ ಸುಮ್ಮನಿದ್ದು, ಯೋಚಿಸಿ, "ಇಲ್ಲ" ಎಂದರು. ಮಕ್ಕಳ ಸೈನಿಕರ ಪ್ರಶ್ನೆ ಬಂದಾಗ, "ಹಾಂಗೆ ಮಾಡೋರು ಇದಾರನೇ?" ಎಂದು ಕೇಳಿ ತುಸು ಹೊತ್ತು ಮಾತೇ ಆಡಲಿಲ್ಲ. ಪ್ರಯಾಣದ ಉದ್ದೇಶದ ಕಡೆ ಬಂದಾಗ ಮಗಳು ವಿಡಿಯೋ ಕರೆಯಲ್ಲಿದ್ದಳು. ಅದೇ ಬುದ್ಧಿಮಾತು ಅವಳ ಬಾಯಿಂದಲೂ ಬಂತು: "ಅಮ್ಮ, ನಯಾಗರ ನೋಡೋಕೆ ಅನ್ನು." ದೊಡ್ಡಮ್ಮ ಅವಳಿಗೆ ಏನೂ ಹೇಳಲಿಲ್ಲ. ಕರೆ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಯಾಗರ ನೋಡೋಕೆ ಆರು ತಿಂಗಳು ಬೇಕನೇ?" ಎಂದರು.

ಅವರ ಮಾತಿನಲ್ಲಿ ಕಾನೂನು ಬಲ್ಲವರೂ ಒಪ್ಪುವ ತರ್ಕವಿತ್ತು. ಇರಲು ಹೊರಟ ದಿನಗಳಿಗೂ ಹೇಳುವ ಕಾರಣಕ್ಕೂ ತಾಳೆಯಾಗದಿದ್ದರೆ ಅನುಮಾನ ಹುಟ್ಟುವುದೇ ಅಲ್ಲಿ. ಹೆರಿಗೆ, ಆಮೇಲೆ ಮೂರು ತಿಂಗಳ ಬಾಣಂತನ, ಮಗುವಿಗೆ ಕತ್ತು ನಿಲ್ಲುವವರೆಗೆ ಇನ್ನಷ್ಟು ದಿನ. ಆರು ತಿಂಗಳಿಗೆ ಇದಕ್ಕಿಂತ ಸರಿಯಾದ ಲೆಕ್ಕ ಯಾವುದಿದೆ?

ಜೆಮಿನಿ ಫ್ಲೈಓವರಿನ ಕೆಳಗೆ

ಕರ್ನಾಟಕದವರು ಅಮೆರಿಕದ ವೀಸಾಕ್ಕೆ ಹೆಚ್ಚಾಗಿ ಹೋಗುವುದು ಚೆನ್ನೈಗೆ, ಇಲ್ಲವೇ ಹೈದರಾಬಾದಿಗೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಕೆಲಸ ಅಲ್ಲಿ ಶುರುವಾಗಲಿಲ್ಲ. ದೊಡ್ಡಮ್ಮನನ್ನು ತಾಳಗುಪ್ಪದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಕರೆಸಿ, ಅಲ್ಲಿಂದ ಚೆನ್ನೈಗೆ ಕರೆದೊಯ್ದೆ. ಒಂದು ದಿನ ಬೆರಳಚ್ಚು ಮತ್ತು ಫೋಟೋ, ಮರುದಿನ ಸಂದರ್ಶನ. ಒಂದು ಸಹಿಗಾಗಿ ಮಲೆನಾಡಿನ ಹಳ್ಳಿಯಿಂದ ಕಡಲ ತೀರದವರೆಗಿನ ಯಾತ್ರೆ, ಲಾಡ್ಜು, ಊಟ, ಆಟೋ. ವೀಸಾ ಶುಲ್ಕ 185 ಡಾಲರ್ ಎಂದಷ್ಟೇ ಹೇಳುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಣ್ಣಾ ಸಾಲೈಯ ಜೆಮಿನಿ ವೃತ್ತದಲ್ಲಿ ಕಾನ್ಸುಲೇಟ್. ಮೊಬೈಲು ಒಳಗೆ ಬಿಡುವುದಿಲ್ಲ, ಜೊತೆಗೆ ಬಂದವರನ್ನೂ ಬಿಡುವುದಿಲ್ಲ. ಹಾಗಾಗಿ ಹೊರಗಿನ ಪಾದಚಾರಿ ದಾರಿಯಲ್ಲಿ ಕಾಯುವವರದೇ ಒಂದು ಗುಂಪು ನೆರೆದಿರುತ್ತದೆ. ಕೈಯಲ್ಲಿ ಇನ್ನೊಬ್ಬರ ಫೋನು, ಇನ್ನೊಬ್ಬರ ಚೀಲ, ನೀರಿನ ಬಾಟಲು. ಅವತ್ತು ನನ್ನ ಪಕ್ಕದಲ್ಲಿ ನಿಂತಿದ್ದವರು ದಾವಣಗೆರೆಯ ನಿವೃತ್ತ ಮೇಷ್ಟ್ರು, ಮಗ ಓದಲು ಹೊರಟಿದ್ದ. ಅಲ್ಲಿನ ಕಾಲೇಜಿನಿಂದ ಪ್ರವೇಶದ ಐ-20 ಪತ್ರ ಬಂದಿದೆ, ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆಂದು ಇರುವ ಸೆವಿಸ್ ಶುಲ್ಕ 350 ಡಾಲರ್ ಕಟ್ಟಿಯಾಗಿದೆ, ಮನೆ ಅಡವಿಟ್ಟು ಸಾಲವೂ ಮಂಜೂರಾಗಿದೆ, ಈ ಎರಡು ನಿಮಿಷ ದಾಟಿದರೆ ಸಾಕು ಎಂದರು. ಓದಲು ಹೋಗುವ ಹುಡುಗನಿಗೂ ಅದೇ 214(ಬಿ). ಓದು ಮುಗಿಸಿ ಹಿಂತಿರುಗುತ್ತೇನೆ ಎಂದು ಇಪ್ಪತ್ತೆರಡರ ಹುಡುಗ ಮನದಟ್ಟು ಮಾಡಿಸಬೇಕು. ಅವನ ಹೆಸರಿನಲ್ಲಿ ಆಸ್ತಿಯಿಲ್ಲ, ಮದುವೆಯಾಗಿಲ್ಲ, ಕೆಲಸವಿಲ್ಲ. ಮೇಷ್ಟ್ರು ಗೇಟಿನ ಕಡೆಯಿಂದ ಕಣ್ಣು ತೆಗೆಯದೆ ಮಾತಾಡುತ್ತಿದ್ದರು.

ಎರಡು ಗಂಟೆಯ ಮೇಲೆ ದೊಡ್ಡಮ್ಮ ಹೊರಗೆ ಬಂದರು. ಒಳಗೆ ನಡೆದದ್ದನ್ನು ಆಟೋದಲ್ಲಿ ಕೂತ ಮೇಲೆ ಹೇಳಿದರು. ಕನ್ನಡ ಬಲ್ಲ ದುಭಾಷಿಯೊಬ್ಬರು ಇದ್ದರಂತೆ. ಯಾಕೆ ಹೋಗುತ್ತೀರಿ ಎಂದು ಕೇಳಿದಾಗ ದೊಡ್ಡಮ್ಮ, "ಮಗಳಿಗೆ ಹೆರಿಗೆ, ಬಾಣಂತನ ಮಾಡೋಕೆ" ಎಂದೇ ಹೇಳಿದ್ದಾರೆ. ಅಧಿಕಾರಿ ಒಬ್ಬಳು ಹೆಂಗಸಂತೆ, ವಯಸ್ಸು ಚಿಕ್ಕದು. ಅಲ್ಲೇ ಇದ್ದುಬಿಡಲು ನಿಮಗೆ ಮನಸ್ಸಾಗುವುದಿಲ್ಲವೇ ಎಂಬರ್ಥದಲ್ಲಿ ಏನೋ ಕೇಳಿದಳಂತೆ. "ಕಾರ್ತಿಕ ಕಳೆದ ಮೇಲೆ ಅಡಿಕೆ ಗೊನೆ ಕೊಯ್ಲು ಜೋರಾಗ್ತದೆ. ಆಗ ಹತ್ತು ಹದಿನೈದು ಜನಕ್ಕೆ ಎರಡು ಹೊತ್ತು ಅಡಿಗೆ ಆಗಬೇಕು, ಅಡಿಕೆ ಸುಲಿಸಬೇಕು, ಬೇಯಿಸಬೇಕು. ನಾನಿಲ್ಲದೆ ನಮ್ಮ ಮನೆಯವರಿಗೆ ಆಗೋದಿಲ್ಲ" ಎಂದರಂತೆ. ದುಭಾಷಿ ಅದನ್ನು ಬಿಡಿಸಿ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಂಡರು, ಅಂದರೆ ವೀಸಾ ಸಿಕ್ಕಿತು, ಹತ್ತು ವರ್ಷದ್ದು. ಪಹಣಿ ಫೈಲಿನಲ್ಲೇ ಉಳಿಯಿತು.

ಇದನ್ನು ಓದಿ ನಿಜ ಹೇಳಿದರೆ ವೀಸಾ ಸಿಕ್ಕೇ ಸಿಗುತ್ತದೆ ಎಂದು ಯಾರೂ ತಿಳಿಯಬಾರದು. ನನ್ನ ಸೋದರತ್ತೆ ಬೇರೊಂದು ದೇಶಕ್ಕೆ ಇಷ್ಟೇ ನಿಜವನ್ನು ಪತ್ರದಲ್ಲಿ ಬರೆದು ಕಳಿಸಿದ್ದರು. ಗಂಡ ತೀರಿಕೊಂಡಿದ್ದರು, ತೋಟವಿಲ್ಲ, ಇದ್ದದ್ದು ಒಂದು ಬಾಡಿಗೆ ಮನೆ ಮತ್ತು ವಿಧವಾ ಪಿಂಚಣಿ. ಹಿಂತಿರುಗುತ್ತಾರೆಂಬ ನಂಬಿಕೆ ಬಂದಿಲ್ಲ ಎಂದು ಒಂದು ಪುಟದ ಉತ್ತರ ಬಂತು. ಮೊಮ್ಮಗಳನ್ನು ಅವರು ಮೊದಲ ಸಲ ಎತ್ತಿಕೊಂಡದ್ದು ಆ ಮಗು ನಡೆಯಲು ಕಲಿತು ಊರಿಗೆ ಬಂದಾಗ. ಊರಿನ ಮೇಲಿನ ಅವರ ಋಣ ದೊಡ್ಡಮ್ಮನದಕ್ಕಿಂತ ಕಡಿಮೆಯೇನಲ್ಲ. ದೇವಸ್ಥಾನದ ಹೂಕಟ್ಟುವ ಕೆಲಸ, ಅಕ್ಕಪಕ್ಕದ ಮನೆಯವರು, ನಲವತ್ತು ವರ್ಷದ ಬೀದಿ. ಆದರೆ ಅದಕ್ಕೆಲ್ಲ ಕಾಗದವಿಲ್ಲ. ಆಸ್ತಿಯಿದ್ದವರ ಊರಿನ ನಂಟನ್ನು ಕಾನೂನು ನಂಬುತ್ತದೆ, ಇಲ್ಲದವರದನ್ನು ನಂಬುವುದಿಲ್ಲ. ವೀಸಾ ಪದ್ಧತಿಯಲ್ಲಿ ನನ್ನನ್ನು ಎಲ್ಲಕ್ಕಿಂತ ನೋಯಿಸುವುದು ಇದೇ.

ಆರು ತಿಂಗಳ ಪಾಳಿ

ಅಮೆರಿಕದ ವೀಸಾ ಹತ್ತು ವರ್ಷದ್ದಾದರೂ ಒಮ್ಮೆ ಹೋದಾಗ ಎಷ್ಟು ದಿನ ಇರಬಹುದು ಎಂದು ಹೇಳುವುದು ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ಆರು ತಿಂಗಳು ನಮ್ಮ ಸಾವಿರಾರು ಮನೆಗಳ ಪಂಚಾಂಗವನ್ನೇ ಬದಲಿಸಿದೆ. ಮೊದಲ ಆರು ತಿಂಗಳು ಹುಡುಗಿಯ ತಾಯಿ, ಅವರು ಹೊರಡುವ ವಾರವೇ ಹುಡುಗನ ತಾಯಿ. ತಂದೆಯಂದಿರು ಕೆಲವೊಮ್ಮೆ ಜೊತೆಗೆ, ಕೆಲವೊಮ್ಮೆ ಊರಿನಲ್ಲಿ ಹೋಟೆಲ್ ಊಟ. ಹೀಗೆ ಮಗುವಿಗೆ ಒಂದು ವರ್ಷ ತುಂಬುತ್ತದೆ.

ಇದು ಬರೀ ಸಂಪ್ರದಾಯದ ಹಂಬಲವಲ್ಲ. ಅಲ್ಲಿ 1993ರ ಕಾನೂನಿನಂತೆ ಹೆರಿಗೆಗೆ ಸಿಗುವುದು 12 ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ 50 ಜನರಿಗಿಂತ ಕಡಿಮೆಯಿಲ್ಲದ ಕಂಪನಿಗಳಲ್ಲಿ. ಕೆಲವು ರಾಜ್ಯಗಳೂ ಕಂಪನಿಗಳೂ ಹೆಚ್ಚು ಕೊಡುತ್ತವೆ, ನಿಜ. ನಮ್ಮಲ್ಲಿ 2017ರಿಂದ ಮೊದಲೆರಡು ಮಕ್ಕಳಿಗೆ ಸಂಬಳಸಹಿತ 26 ವಾರ ಇದೆ. ಸಿಸೇರಿಯನ್ ಆಗಿ ಮೂರು ತಿಂಗಳಿಗೇ ಲ್ಯಾಪ್‌ಟಾಪ್ ಮುಂದೆ ಕೂರಬೇಕಾದ ಹುಡುಗಿಗೆ ಎಣ್ಣೆನೀರು ಹಾಕುವವರು, ಕಾಳುಮೆಣಸಿನ ಸಾರು ಮಾಡಿ ಬಡಿಸುವವರು, ರಾತ್ರಿ ಮಗು ಎದ್ದಾಗ ಎತ್ತಿಕೊಳ್ಳುವವರು ಬೇಕು. ಆ ದೇಶ ತುಂಬದ ಜಾಗವನ್ನು ನಮ್ಮ ತಾಯಂದಿರು ತಮ್ಮ ಮಂಡಿನೋವು ಸಹಿಸಿಕೊಂಡು ತುಂಬುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಬಾಣಂತಿ ಲೇಹ್ಯ, ಬಜೆ, ಸಾಂಬ್ರಾಣಿ. (ತಿನ್ನುವ ವಸ್ತು ಏನಿದ್ದರೂ ಇಳಿದಾಗ ತಪ್ಪದೆ ಡಿಕ್ಲೇರ್ ಮಾಡಿಸಿ. ಹೇಳಿದರೆ ಹೆಚ್ಚೆಂದರೆ ಪೊಟ್ಟಣ ತೆಗೆದಿಡುತ್ತಾರೆ, ಹೇಳದಿದ್ದರೆ ದಂಡ.) ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಬಿಪಿ, ಸಕ್ಕರೆ ಕಾಯಿಲೆ ಇರುವವರನ್ನು ಸರಿಯಾದ ವಿಮೆಯಿಲ್ಲದೆ ಕಳಿಸಬೇಡಿ, ಮೊದಲಿನಿಂದ ಇರುವ ಕಾಯಿಲೆಗೆ ಏನು ಸಿಗುತ್ತದೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿಯೇ ಕಟ್ಟಿ.

ಹೆರಿಗೆ ಯಾರಿಗೂ ಕಾಯುವುದಿಲ್ಲ. 2022ರ ಕೊನೆಯಲ್ಲಿ ಭಾರತದ ಕೆಲವು ನಗರಗಳಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋಗುವವರ ಸಂದರ್ಶನಕ್ಕೆ 900 ದಿನ ಮೀರಿ ಕಾಯಬೇಕಿತ್ತು. ಗರ್ಭ ನಿಲ್ಲುವುದು 280 ದಿನ. ಮರುವರ್ಷ ಬ್ಯಾಂಕಾಕಿಗೆ ಹೋಗಿ ಅರ್ಜಿ ಹಾಕಬಹುದು ಎಂದು ರಾಯಭಾರ ಕಚೇರಿಯೇ ತಿಳಿಸಿದಾಗ ಕೆಲವರು ತಾಯಂದಿರನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋದರು. ಆ ದಾರಿಯೂ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಈಗ ತಮ್ಮ ದೇಶದಲ್ಲೋ ತಾವು ವಾಸವಿರುವ ದೇಶದಲ್ಲೋ ಅರ್ಜಿ ಹಾಕಬೇಕು.

ಕಾನೂನಿನ ಸಂಸಾರ

ಬೇರೆ ಬೇರೆ ದೇಶದ ಫಾರಂಗಳನ್ನು ತುಂಬುತ್ತಾ ತುಂಬುತ್ತಾ ನನಗೆ ಕಂಡದ್ದು ಇಷ್ಟು. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಮೆರಿಕದಲ್ಲಿ ಮಕ್ಕಳಿಗೆ 21 ತುಂಬುವವರೆಗೆ, ಬ್ರಿಟನ್ನಿನಲ್ಲಿ 18. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಹೋದವನ ಹೆಂಡತಿಗೆ ಅವಲಂಬಿತರ ಎಚ್-4 ವೀಸಾ ಸಿಗುತ್ತದೆ. ಮದುವೆ ಮುಗಿದ ವಾರದಲ್ಲೇ ನವದಂಪತಿಗಳು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಿಲ್ಲುವುದು ಅದಕ್ಕೇ. ಅಪ್ಪ ಅಮ್ಮ ಮಾತ್ರ ಆ ಗೆರೆಯ ಹೊರಗೆ. ಮಂಗಳೂರು, ಭಟ್ಕಳದ ಕಡೆಯಿಂದ ಗಲ್ಫಿಗೆ ಹೋದವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದೂ ಸಂಬಳದ ಮಾತು. ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ. ಅದಕ್ಕಿಂತ ಕಡಿಮೆ ದುಡಿಯುವವನಿಗೆ ಸಂಸಾರವೆಂದರೆ ವರ್ಷಕ್ಕೊಮ್ಮೆಯ ರಜೆ.

ತಂದೆತಾಯಿ ಮಕ್ಕಳ ಹತ್ತಿರ ಹೋಗಿ ನೆಲೆಸುವ ವಿಷಯದಲ್ಲಿ ಬ್ರಿಟನ್ 2012ರಲ್ಲಿ ಮಾಡಿದ ನಿಯಮ ನನಗೆ ಕ್ರೂರವಾಗಿ ಕಾಣುತ್ತದೆ. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕಾಗುವಷ್ಟು ನಿಶ್ಶಕ್ತರಾಗಿರಬೇಕು, ಮಕ್ಕಳು ದುಡ್ಡು ಕಳಿಸಿದರೂ ಆ ಆರೈಕೆ ಊರಿನಲ್ಲಿ ಸಿಗಬಾರದು. ಗಟ್ಟಿಯಿರುವ ತಾಯಿ ಹೋಗಿ ನೆಲೆಸುವಂತಿಲ್ಲ. ಹಾಸಿಗೆ ಹಿಡಿದವರು ಹೋಗಬೇಕೆಂದರೆ ಇಲ್ಲಿ ಒಬ್ಬ ನರ್ಸೂ ಸಿಗುವುದಿಲ್ಲ ಎಂದು ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ ಮಕ್ಕಳ ಎಣಿಕೆ: ಕಡೇಪಕ್ಷ ಅರ್ಧದಷ್ಟು ಮಕ್ಕಳು ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ಸಿಡ್ನಿಯಲ್ಲಿ ಒಬ್ಬ, ಹುಬ್ಬಳ್ಳಿಯಲ್ಲಿ ಇಬ್ಬರು ಎಂದರೆ ಆಗಲಿಲ್ಲ. ಅಮೆರಿಕದಲ್ಲಿ 21 ದಾಟಿದ ನಾಗರಿಕರು ತಂದೆತಾಯಿಗೆ ಗ್ರೀನ್ ಕಾರ್ಡ್ ಕೇಳಬಹುದು, ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ. ಆದರೆ ಒಂದು ದೇಶಕ್ಕೆ ಶೇಕಡಾ 7 ಎಂಬ ಮಿತಿಯಿಂದಾಗಿ ಭಾರತೀಯರು ಕೆಲಸದ ಗ್ರೀನ್ ಕಾರ್ಡಿಗಾಗಿ ದಶಕಗಳ ಸಾಲಿನಲ್ಲಿದ್ದಾರೆ. ಅದು ಸಿಕ್ಕ ಮೇಲಷ್ಟೇ ಪೌರತ್ವ. ಅಷ್ಟರಲ್ಲಿ ತಾಯಿಗೆ ಎಂಬತ್ತು.

ಇಷ್ಟರಲ್ಲಿ ಕೆನಡಾದ ಸೂಪರ್ ವೀಸಾ ನನಗೆ ಮೆಚ್ಚುಗೆಯಾದದ್ದು. 2011ರ ಡಿಸೆಂಬರಿನಲ್ಲಿ ಶುರುವಾಯಿತು. ಹತ್ತು ವರ್ಷದವರೆಗೆ ಹೋಗಿ ಬರಬಹುದು, 2022ರಿಂದ ಒಮ್ಮೆಗೆ ಐದು ವರ್ಷದವರೆಗೂ ಇರಬಹುದು. ಮಗ ಅಥವಾ ಮಗಳಿಗೆ ಇಷ್ಟು ಆದಾಯವಿರಬೇಕು, ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಇರಬೇಕು, ವೈದ್ಯಕೀಯ ತಪಾಸಣೆ ಆಗಬೇಕು. ಬಡವರಿಗೆ ಇದೂ ದೂರವೇ. ಆದರೆ ಪ್ರವಾಸಿಯೂ ಅಲ್ಲದ, ವಲಸಿಗರೂ ಅಲ್ಲದ ಒಂದು ನಂಟು ಇದೆ ಎಂದು ಒಪ್ಪಿಕೊಂಡು ಮಾಡಿದ ನಿಯಮ ಅದು. ನಮ್ಮ ತಾಯಂದಿರಿಗೆ ಬೇಕಾದದ್ದು ಆ ಹೋಗಿ ಬರುವ ಹಕ್ಕು. ಅವರು ಯಾವ ದೇಶದ ಕೆಲಸವನ್ನೂ ಕಸಿಯಲು ಹೊರಟಿಲ್ಲ, ನೆಲೆ ಕೇಳುತ್ತಿಲ್ಲ. ಬಹುಪಾಲು ಜನರಿಗೆ ಹೊರದೇಶದ ಚಳಿಗಾಲ ಒಂದು ಸಲ ಕಂಡರೆ ಸಾಕಾಗಿದೆ.

ಈ ಕಡೆಗೆ ಬರುವ ದಾರಿ

ತಾಯಿ ಹೋಗುವ ಮಾತಾಯಿತು, ಮಕ್ಕಳು ಬರುವುದೂ ಅಷ್ಟು ಸಲೀಸಲ್ಲ. ಎಚ್-1ಬಿಯಲ್ಲಿರುವವರ ಕೆಲಸದ ಪರವಾನಗಿ ಅಲ್ಲೇ ಮುಂದುವರಿಯುತ್ತದೆ, ಆದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಮುಗಿದಿದ್ದರೆ ಒಮ್ಮೆ ದೇಶ ಬಿಟ್ಟವರು ಹೊಸದಾಗಿ 'ಸ್ಟಾಂಪಿಂಗ್' ಮಾಡಿಸದೆ ಮರಳುವಂತಿಲ್ಲ. 2004ರ ಜುಲೈವರೆಗೆ ಅದನ್ನು ಅಮೆರಿಕದಲ್ಲಿದ್ದೇ ನವೀಕರಿಸಬಹುದಿತ್ತು. ಬೆರಳಚ್ಚಿನ ನಿಯಮ ಬಂದ ಮೇಲೆ ನಿಲ್ಲಿಸಿದರು. 2024ರ ಮೊದಲ ತಿಂಗಳುಗಳಲ್ಲಿ 20,000 ಜನರ ಮಿತಿಯಲ್ಲಿ ಮತ್ತೆ ಪ್ರಯೋಗ ಮಾಡಿದರು, ಹೆಂಡತಿ ಮಕ್ಕಳನ್ನು ಅದರಲ್ಲಿ ಸೇರಿಸಲಿಲ್ಲ. ನಮ್ಮೂರಿನ ಒಬ್ಬ ಹುಡುಗ ತಂದೆಯ ಚಿತೆಯನ್ನು ಫೋನಿನ ಪರದೆಯಲ್ಲಿ ನೋಡಿದ. ಸ್ಟಾಂಪ್ ಮುಗಿದಿತ್ತು, ಸಂದರ್ಶನದ ದಿನ ಯಾವಾಗ ಸಿಗುತ್ತದೋ ತಿಳಿಯದು, ಅಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗು. ಫೋನನ್ನು ಎತ್ತರಕ್ಕೆ ಹಿಡಿದು ನಿಂತವಳು ನಾನು. ಕೊಳ್ಳಿ ಇಟ್ಟದ್ದು ಚಿಕ್ಕಪ್ಪನ ಮಗ. ಊರಿನಲ್ಲಿ ಕೆಲವರು ಆ ಹುಡುಗನನ್ನು ಆಡಿಕೊಂಡರು, ದುಡ್ಡಿನ ಆಸೆ ಎಂದರು. ಅವರಿಗೆ ಈ ಸ್ಟಾಂಪಿನ ವಿಷಯ ಬಿಡಿಸಿ ಹೇಳಲು ನಾನು ಹದಿಮೂರನೇ ದಿನದ ಊಟದ ಪಂಕ್ತಿಯಲ್ಲಿ ಎಷ್ಟೋ ಜನರ ಹತ್ತಿರ ಹೋಗಿ ಕೂತೆ.

ನಮ್ಮ ದೇಶವೂ ಗೆರೆ ಎಳೆದಿದೆ. ಅಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಮೊಮ್ಮಗು ಅಜ್ಜಿಮನೆಗೆ ಬರಬೇಕಾದರೆ ವೀಸಾ ಬೇಕು, ಇಲ್ಲವೇ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡು. 2005ರಲ್ಲಿ ಬಂದ ಆ ಕಾರ್ಡು ದೊಡ್ಡ ಉಪಕಾರ, ಜೀವನಪೂರ್ತಿ ಬಂದು ಹೋಗಬಹುದು, ಇರಬಹುದು. ಮಕ್ಕಳಿಗೆ ನಾವು ಕೊಟ್ಟ ಈ ಸಲುಗೆಯನ್ನು ಅಜ್ಜಿಯರಿಗೆ ಆ ದೇಶಗಳು ಕೊಡಲಿ ಎಂದು ಭಾರತ ಸರ್ಕಾರ ಮಾತುಕತೆಗಳಲ್ಲಿ ಯಾಕೆ ಗಟ್ಟಿಯಾಗಿ ಕೇಳಬಾರದು? ಐಟಿ ಕೆಲಸಗಾರರ ವೀಸಾ ಬಗ್ಗೆ ಮಾತಾಡುವಷ್ಟೇ ಕಾಳಜಿಯಿಂದ ಇದನ್ನೂ ಎತ್ತಬೇಕು.

ಸದ್ಯ ನನ್ನ ಮೇಜಿನ ಮೇಲಿರುವುದು ಚಿಕ್ಕಪ್ಪ ಚಿಕ್ಕಮ್ಮನ ಪಾಸ್‌ಪೋರ್ಟು. ಮಗ ಮ್ಯೂನಿಕ್‌ನಲ್ಲಿ ಇಂಜಿನಿಯರ್. ಜರ್ಮನಿ ಈಚೆಗೆ ಒಂದು ಬಾಗಿಲು ತೆರೆದಿದೆ: 2024ರ ಮಾರ್ಚ್ 1ರ ನಂತರ ಮೊದಲ ಸಲ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಂಡು ಇಟ್ಟುಕೊಳ್ಳಬಹುದು, ಅತ್ತೆ ಮಾವನನ್ನೂ. ಖರ್ಚು ಮತ್ತು ಆರೋಗ್ಯ ವಿಮೆ ಪೂರ್ತಿ ಮಗನದೇ. ಆ ವಯಸ್ಸಿಗೆ ಅಲ್ಲಿ ವಿಮೆ ಹೊಂದಿಸುವುದೇ ಕಷ್ಟದ ಭಾಗ. ಅವನ ಪರವಾನಗಿಯ ತಾರೀಕು ಸರಿಯಾಗಿದೆ, ಅವನಿಗೆ ಬಹಳ ಆಸೆ. ಚಿಕ್ಕಪ್ಪ ಎರಡು ದಿನ ಯೋಚಿಸಿ ಫೋನು ಮಾಡಿದರು. "ಇದ್ದುಬಿಡೋದು ಬೇಡ ಕಣೇ. ಬೇಸಿಗೆಗೆ ಹೋಗಿ ಮೂರು ತಿಂಗಳು ಇದ್ದು ಬರೋ ಹಾಗೆ ಏನಾದರೂ ಮಾಡು" ಎಂದರು. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಇರಬಹುದು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಇರುವ ಹೊಸ ಕ್ರಮದಲ್ಲಿ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಮುಂದಿನದು ಎರಡು ವರ್ಷದ್ದು ಕೊಡಬಹುದು, ಆಮೇಲೆ ಐದು ವರ್ಷದ್ದು. ಇಬ್ಬರಿಗೂ ಎರಡು ಸಲ ಆಗಿದೆ, ಹೇಳಿದ ದಿನಕ್ಕೇ ವಾಪಸು ಬಂದಿದ್ದಾರೆ. ಈ ವಾರ 30,000 ಯೂರೋದ ವಿಮೆ ಮಾಡಿಸಿ, ಹಳೆಯ ಎರಡೂ ವೀಸಾಗಳ ನಕಲು ಲಗತ್ತಿಸಿ, ಉದ್ದೇಶದ ಕಾಲಮಿನಲ್ಲಿ 'ಮಗನ ಮನೆಗೆ' ಎಂದು ಬರೆದು ಬೆಂಗಳೂರಿನಲ್ಲಿ ಕೊಡುತ್ತಿದ್ದೇವೆ.